ಕಾಫಿ ಕಣದಲ್ಲೊಂದು ಲೆಕ್ಕದ ಪುಸ್ತಕ

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿ ಹಾನುಬಾಳು ಸಿಗುತ್ತದೆ. ಹೆಸರಿಗೆ ಹೋಬಳಿ ಕೇಂದ್ರ, ನೋಡಲು ಚಿಕ್ಕ ಊರು. ಸುತ್ತ ಮೂರ್ಕಣ್ಣು ಗುಡ್ಡ, ಪಾಂಡವರ ಗುಡ್ಡ. ಕೆಳಗೆ ಕಾಫಿ ತೋಟ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ, ಆಳು ಸಿಗದೆ ಪಾಳು ಬಿದ್ದ ಗದ್ದೆ ಅಲ್ಲೊಂದು ಇಲ್ಲೊಂದು. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಹಿಡಿದರೆ ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಆ ನಾಲ್ಕು ತಿಂಗಳು ಈ ಕಡೆಯ ಯಾವ ಊರಿನ ಸರ್ಕಲ್ಲಿನಲ್ಲಿ ನಿಂತರೂ ಕಿವಿಗೆ ಬೀಳುವುದು ಎರಡೇ ಪ್ರಶ್ನೆ. 'ಇವತ್ತು ರೇಟೆಷ್ಟು?' 'ಓಟಿ ಎಷ್ಟು ಬಂತು?' ಮೊದಲನೆಯದಕ್ಕೆ ಉತ್ತರ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಎರಡನೆಯದಕ್ಕೆ ಉತ್ತರ ಇರುವುದು ಕೊಳ್ಳುವವರ ಅಂಗಡಿಯಲ್ಲಿ ಮಾತ್ರ.

ಕಾಫಿ ಬೆಳೆಯದ ಸೀಮೆಯವರಿಗೆ ಈ ಓಟಿ ಏನೆಂದು ಹೇಳಬೇಕು. ಔಟ್‌ಟರ್ನ್ ಎಂಬುದರ ಬಾಯಿಮಾತಿನ ರೂಪ ಅದು. ಹಣ್ಣನ್ನು ಪಲ್ಪರ್‌ಗೆ ಹಾಕಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಕೊಯ್ದ ಹಣ್ಣನ್ನು ಹಾಗೇ ಕಣದಲ್ಲಿ ಹರವಿ ಒಣಗಿಸಿದರೆ ಚೆರಿ. 50 ಕೆ.ಜಿ. ಚೆರಿ ಮೂಟೆಯ ಸಿಪ್ಪೆ ಬಿಡಿಸಿದಾಗ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅಷ್ಟು ಅದರ ಓಟಿ. 26 ಬರಬಹುದು, 28 ಬರಬಹುದು. ಮೂಟೆಗೆ ಸಿಗುವ ದುಡ್ಡು ಈ ಅಂಕಿಯನ್ನು ಅಂದಿನ ರೇಟಿಗೆ ಗುಣಿಸಿದಾಗ ಬರುವ ಮೊತ್ತ. ಬೀಜಕ್ಕೆ ಕೆ.ಜಿ.ಗೆ 400 ರೂಪಾಯಿ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಓಟಿಯಲ್ಲಿ ಎರಡು ಪಾಯಿಂಟ್ ಆಚೀಚೆಯಾದರೆ ಮೂಟೆಗೆ 800 ರೂಪಾಯಿ. ಅರವತ್ತು ಮೂಟೆ ಬೆಳೆಯುವ ಮನೆಗೆ 48,000. ಮಗಳನ್ನು ಹಾಸನದಲ್ಲಿ ಹಾಸ್ಟೆಲಿನಲ್ಲಿಟ್ಟು ಓದಿಸುವ ಮನೆಗೆ ಇದು ಚಿಲ್ಲರೆ ಹಣವಲ್ಲ.

ಕೊಳ್ಳುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಹೆಣ್ಣುಮಗಳ ಮದುವೆಗೆ, ಆಸ್ಪತ್ರೆಗೆ, ಗೊಬ್ಬರಕ್ಕೆ ಅಡ್ವಾನ್ಸ್ ಕೊಡುವವರೂ ಅವರೇ. ರಾತ್ರಿ ಎಂಟಕ್ಕೆ ಫೋನ್ ಮಾಡಿದರೂ ಜೀಪ್ ಕಳಿಸುತ್ತಾರೆ. ಆದರೆ ವ್ಯಾಪಾರದಲ್ಲಿ ಒಂದು ಕಡೆಯವನಿಗೆ ಮಾತ್ರ ಅಳತೆ ಗೊತ್ತಿದ್ದರೆ ಇನ್ನೊಂದು ಕಡೆಯವನು ಅವನ ಒಳ್ಳೆಯತನವನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ. ತೇವಾಂಶದ್ದೂ ಇದೇ ಕಥೆ. ಪಾರ್ಚ್‌ಮೆಂಟ್ ಶೇ 10ಕ್ಕೆ, ರೊಬಸ್ಟಾ ಚೆರಿ ಶೇ 11ಕ್ಕೆ ಒಣಗಿರಬೇಕು ಎಂಬುದು ಕಾಫಿ ಮಂಡಳಿಯ ಮಾನದಂಡ. ಕಡಿಮೆ ಒಣಗಿಸಿದರೆ ಕೊಳ್ಳುವವರು ತೂಕ ಕಡಿಯುತ್ತಾರೆ. ಹೆಚ್ಚು ಒಣಗಿಸಿದರೆ ತನ್ನದೇ ತೂಕವನ್ನು ಬಿಸಿಲಿಗೆ ಕೊಟ್ಟಂತೆ. ನಮ್ಮ ಹಿರಿಯರು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ಬಹಳ ಮನೆಗಳಲ್ಲಿ ಇವತ್ತಿಗೂ ಅದೇ ಮೀಟರು.

ಬಿಬಿಎ, ಬಿಕಾಂ, ಎಂಬಿಎ ಓದುವ ಹುಡುಗ ಹುಡುಗಿಯರು 'ಸಾಮಾಜಿಕ ಉದ್ಯಮ ಮಾಡಬೇಕು, ಎಲ್ಲಿಂದ ಶುರು ಮಾಡೋದು?' ಎಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಓಟಿ. ಸಾಮಾಜಿಕ ಉದ್ಯಮಶೀಲತೆ ಎಂಬುದು ನಾಲಿಗೆಗೆ ಭಾರವಾದ ಪದ. ಬಿಡಿಸಿ ಹೇಳಿದರೆ ಅಷ್ಟೇನೂ ಕಷ್ಟವಿಲ್ಲ: ಜನರ ಒಂದು ತೊಂದರೆಯನ್ನು ದಾನದಿಂದಲ್ಲದೆ ವ್ಯವಹಾರದಿಂದ ನೀಗಿಸುವುದು, ಆ ವ್ಯವಹಾರ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವಂತೆ ನೋಡಿಕೊಳ್ಳುವುದು, ಉಳಿದ ಲಾಭ ಆ ಜನರ ಕಡೆಗೇ ಮರಳುವಂತೆ ಮಾಡುವುದು. ಈ ಹುಡುಗರು ಗ್ರಾಮ ಭೇಟಿ ಎಂದು ಬಸ್ಸು ಮಾಡಿಕೊಂಡು ಬರುತ್ತಾರೆ. ಬರುವಾಗಲೇ ಕೈಯಲ್ಲೊಂದು ಐಡಿಯಾ. ರೈತರಿಂದ ಗ್ರಾಹಕರಿಗೆ ನೇರ ಕಾಫಿ, ಅದಕ್ಕೊಂದು ಆ್ಯಪ್, ಆ್ಯಪಿಗೊಂದು ಇಂಗ್ಲಿಷ್ ಹೆಸರು. ತೋಟದಲ್ಲಿ ಫೋಟೊ, ಕರಿ ಕಾಫಿ, ಅಕ್ಕಿ ರೊಟ್ಟಿ. ಆರು ವಾರದ ಮೇಲೆ ಕಾಲೇಜಿನಲ್ಲಿ ಬಣ್ಣಬಣ್ಣದ ಸ್ಲೈಡುಗಳು, ಒಂದು ಬಹುಮಾನ. ಊರಿನವರಿಗೆ ಆಮೇಲೆ ಸುದ್ದಿಯಿಲ್ಲ.

ಅದೇ ಹುಡುಗರು ತೇವಾಂಶ ಅಳೆಯುವ ಒಂದು ಯಂತ್ರ, ಸ್ಯಾಂಪಲ್ ಬಿಡಿಸುವ ಒಂದು ಪುಟ್ಟ ಹಲ್ಲರ್, ಒಂದು ಡಿಜಿಟಲ್ ತಕ್ಕಡಿ, ಇನ್ನೂರು ಪುಟದ ಒಂದು ನೋಟ್‌ಬುಕ್ಕು ಇಟ್ಟುಕೊಂಡು ಕೂತರೆ? ನಲವತ್ತು ಮನೆಯ ಚೆರಿಯ ಓಟಿಯನ್ನು ಸುಗ್ಗಿ ಮುಗಿಯುವವರೆಗೆ ಬರೆದಿಟ್ಟರೆ? ಮುಂದಿನ ವರ್ಷ ಆ ನಲವತ್ತು ಮನೆಯವರು ಅಂಗಡಿಯ ಮುಂದೆ ನಿಂತು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಪರೀಕ್ಷೆ ಮಾಡಿಕೊಟ್ಟಿದ್ದಕ್ಕೆ ಸ್ಯಾಂಪಲಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಡಲು ಯಾರೂ ಹಿಂದೆಮುಂದೆ ನೋಡಲಾರರು. ಇದು ಸಣ್ಣದು, ಟಿ.ವಿ.ಯಲ್ಲಿ ಬರುವಂಥದ್ದಲ್ಲ. ಆದರೂ ನನ್ನ ಮಟ್ಟಿಗೆ ಪೂರ್ತಿಯಾದ ಸಾಮಾಜಿಕ ಉದ್ಯಮ.

ಇಷ್ಟು ಸಣ್ಣದರಿಂದ ಏನಾದೀತು ಎನ್ನುವವರು ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯ ಕಥೆ ಕೇಳಬೇಕು. 1976. ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಮೊಹಮ್ಮದ್ ಯೂನಸ್ ತರಗತಿ ಬಿಟ್ಟು ಪಕ್ಕದ ಹಳ್ಳಿಗೆ ನಡೆದರು. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರು ಬಿದಿರಿಗೆ ಬೇಕಾದ ಪುಡಿಗಾಸಿಗಾಗಿ ವ್ಯಾಪಾರಿಯ ಸಾಲದಲ್ಲಿದ್ದರು. ಸಾಲ ಕೊಟ್ಟವನಿಗೇ ಅವನು ಹೇಳಿದ ದರಕ್ಕೆ ಮಾರಬೇಕಿತ್ತು. ಹೀಗೆ ಸಿಕ್ಕಿಬಿದ್ದವರು ಎಷ್ಟು ಮಂದಿ ಎಂದು ಪಟ್ಟಿ ಮಾಡಿಕೊಂಡು ಬರಲು ಯೂನಸ್ ತಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದರು. ವಾರದಲ್ಲಿ ಪಟ್ಟಿ ಬಂತು: 42 ಮಂದಿ, ಎಲ್ಲರ ಸಾಲ ಸೇರಿ ಸುಮಾರು 27 ಡಾಲರ್. ಯೂನಸ್ ಅದನ್ನು ಜೇಬಿನಿಂದ ಕೊಟ್ಟರು. ಗ್ರಾಮೀಣ ಬ್ಯಾಂಕ್ ಹುಟ್ಟಿದ್ದು ಅಲ್ಲಿಂದ. 2006ರಲ್ಲಿ ಬ್ಯಾಂಕಿಗೂ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಲೋಕ ಯೂನಸರನ್ನು ನೆನೆಯುತ್ತದೆ, ಸರಿ. ನನಗೆ ಮಾತ್ರ ಆ ಪಟ್ಟಿಯ ಮೇಲೇ ಕಣ್ಣು. ಮನೆಮನೆಗೆ ಹೋಗಿ, ಯಾರಿಗೆ ಎಷ್ಟು ಬಾಕಿ ಎಂದು ಕೇಳಿ, ಕೂಡಿ, ತಂದು ಮೇಜಿನ ಮೇಲಿಟ್ಟದ್ದು ಒಂದು ವಿದ್ಯಾರ್ಥಿಯ ಕೆಲಸ.

ನಮ್ಮ ನಾಡಿಗೂ ಇದು ಹೊಸತಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ್ದರು. ಕಾಫಿ ಸೀಮೆಯ ದಾರಿ ಮಾತ್ರ ಬೇರೆಯಾಯಿತು. ಯುದ್ಧಕಾಲದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಕೊಂಡಾಗ 1942ರ ಕಾಫಿ ಕಾಯ್ದೆ ಬಂತು, ಅದರ ಜೊತೆ ಪೂಲ್ ಪದ್ಧತಿ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿ, ಕಂತು ಕಂತಾಗಿ ಹಣ ಕೊಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕೊಯ್ದಾಗಿರುತ್ತಿತ್ತು. ಬೈದುಕೊಂಡರೂ ಬೆಳೆಗಾರರಿಗೆ ಒಂದು ನಿಶ್ಚಿಂತೆ ಇತ್ತು. ಮಾರುವ ಚಿಂತೆ ಅವರದಲ್ಲ. 1990ರ ದಶಕದಲ್ಲಿ ಹಂತ ಹಂತವಾಗಿ ಕಟ್ಟು ಸಡಿಲವಾಯಿತು, 1996ಕ್ಕೆ ಮಾರುಕಟ್ಟೆ ಪೂರ್ತಿ ಬಿಡುಗಡೆಯಾಯಿತು. ದೊಡ್ಡ ಎಸ್ಟೇಟುಗಳು ಹೊಸ ಗಾಳಿಗೆ ಹೊಂದಿಕೊಂಡವು. ಚಿಕ್ಕಮಗಳೂರಿನ ಕಾಫಿಯನ್ನು ಕಪ್ಪಿಗೆ ಹಾಕಿ ಪೇಟೆಗಳಲ್ಲಿ ಮಾರುವ ಕೆಫೆ ಕಾಫಿ ಡೇ ತನ್ನ ಮೊದಲ ಬಾಗಿಲನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದದ್ದೂ ಅದೇ 1996ರಲ್ಲಿ. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ಸುಮಾರು 98 ಮಂದಿ 10 ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿದಾರರು. ಐವತ್ತು ವರ್ಷ ಮಾರುವುದನ್ನೇ ಕಲಿಯದ ಈ ಮನೆಗಳ ಮೇಲೆ ಒಂದು ಬೆಳಿಗ್ಗೆ ಮಾರುವ ಹೊಣೆ ಬಂದು ಕೂತಿತು. ಮಾರುವುದು ಹೇಗೆಂದು ಹೇಳಿಕೊಡುವವರು ಜೊತೆಗೆ ಬರಲಿಲ್ಲ.

ಘಟ್ಟದ ಕೆಳಗಿನವರು ಇಂಥದೇ ಇಕ್ಕಟ್ಟನ್ನು ಬೇರೆ ರೀತಿ ಎದುರಿಸಿದರು. 1970ರ ಸುಮಾರಿಗೆ ಅಡಿಕೆ ದರ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೊಕ್ಕೊ ಕೊಳ್ಳುವವರು ಕೈಬಿಟ್ಟಾಗ ಅದನ್ನೂ ಸಂಸ್ಥೆಯೇ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರ ಸಂಘವೊಂದು ಚಾಕೊಲೇಟ್ ಮಾಡುತ್ತದೆ ಎಂದರೆ ಆಗ ನಗುವವರೇ ಹೆಚ್ಚಿದ್ದಿರಬೇಕು. ಕ್ಯಾಂಪ್ಕೊದ ದೊಡ್ಡತನ ಚಾಕೊಲೇಟಿನಲ್ಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದು ಮಾರುಕಟ್ಟೆಯಲ್ಲಿ ಕೊಳ್ಳಲು ನಿಂತಿದೆ ಎಂಬುದೇ ಉಳಿದ ವ್ಯಾಪಾರಿಗಳ ದರವನ್ನು ಹತೋಟಿಯಲ್ಲಿಡುತ್ತದೆ. ಕ್ಯಾಂಪ್ಕೊಗೆ ಒಂದು ಕಾಯಿಯನ್ನೂ ಮಾರದವನಿಗೂ ಅದರ ಪ್ರಯೋಜನ ಮುಟ್ಟುತ್ತದೆ. ಇದನ್ನು ಲಾಭ ನಷ್ಟದ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂಬುದರ ಮೇಲೆ ಒಂದು ಎಂಬಿಎ ಪ್ರಬಂಧವನ್ನೇ ಬರೆಯಬಹುದು.

ಈಗ ಆ 'ನೇರ ಕಾಫಿ'ಯ ಐಡಿಯಾಕ್ಕೆ ಬರೋಣ. ಐಡಿಯಾ ಕೆಟ್ಟದ್ದೇನಲ್ಲ. ಅದರ ಗುಣಾಕಾರವನ್ನು ಯಾರೂ ಕೊನೆಯವರೆಗೆ ಮಾಡುವುದಿಲ್ಲ ಎಂಬುದೇ ತೊಂದರೆ. ಪಾರ್ಚ್‌ಮೆಂಟ್ ಮೂಟೆಗೆ 20,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. 50 ಕೆ.ಜಿ. ಮೂಟೆ, ಕೆ.ಜಿ.ಗೆ 400. ಪೇಟೆಯಲ್ಲಿ ಒಳ್ಳೆ ಕಾಫಿ ಪುಡಿ 1,000 ರೂಪಾಯಿಗೆ ಹೋಗುತ್ತದೆ ಎಂದಾದರೆ 600 ರೂಪಾಯಿ ಉಳಿತಾಯ ಎಂದು ಹುಡುಗರು ಬೋರ್ಡಿನ ಮೇಲೆ ಬರೆಯುತ್ತಾರೆ. ಸರಿ, ಮೂಟೆಯನ್ನು ಬಿಚ್ಚಿ. ಕ್ಯೂರಿಂಗ್‌ನಲ್ಲಿ ಸಿಪ್ಪೆ ಹೋದ ಮೇಲೆ 50 ಕೆ.ಜಿ. ಪಾರ್ಚ್‌ಮೆಂಟು 40 ಕೆ.ಜಿ. ಬೀಜವಾಗುತ್ತದೆ. ಹುರಿದಾಗ ನೂರಕ್ಕೆ ಹದಿನೈದು ಹದಿನೆಂಟು ಭಾಗ ಹೊಗೆಯಾಗಿ ಹೋಗುತ್ತದೆ. ಕೈಗೆ ಬರುವ ಪುಡಿ 33 ಕೆ.ಜಿ. ಇಪ್ಪತ್ತು ಸಾವಿರವನ್ನು 33ರಿಂದ ಭಾಗಿಸಿ: ಕೆ.ಜಿ.ಗೆ 606. ಕ್ಯೂರಿಂಗ್ ಚಾರ್ಜು, ಹುರಿಯುವ ಕೂಲಿ, ಪೊಟ್ಟಣ, ಲೇಬಲ್ಲು, ಕೊರಿಯರು, ಅಂಗಡಿಯವನ ಕಮಿಷನ್ನು ಇನ್ನೂ ಸೇರಿಲ್ಲ. ಮೂಟೆಯಲ್ಲಿ ಕಪ್ಪು ಬೀಜ, ಒಡೆದದ್ದು, ಹುಳ ತಿಂದದ್ದೂ ಇರುತ್ತವೆ. ಒಳ್ಳೆಯದನ್ನಷ್ಟೇ ಆರಿಸಿಕೊಂಡರೆ ಉಳಿದದ್ದನ್ನು ಯಾರಿಗೆ ಮಾರುವುದು?

ಸಣ್ಣ ಬೆಳೆಗಾರರ ಮನೆಗಳಲ್ಲಿ ಆ ಉಳಿದದ್ದಕ್ಕೆ ದಾರಿ ಇದೆ, ಬೆಲ್ಲ ಹಾಕಿ ಅವರೇ ಕುಡಿಯುತ್ತಾರೆ. ಕಂಪನಿ ಮಾಡಹೊರಟ ಹುಡುಗರು ಅಷ್ಟು ಕಾಫಿ ಕುಡಿಯಲಾರರು.

ಇನ್ನೊಂದು ಖರ್ಚು ಬೋರ್ಡಿನ ಮೇಲೆ ಬರುವುದೇ ಇಲ್ಲ. ಬೆಳೆಗಾರನಿಗೆ ದುಡ್ಡು ಬೇಕಾಗುವುದು ಫೆಬ್ರುವರಿಯಲ್ಲಿ, ಕೊಯ್ಲಿನ ಕೂಲಿ ಕೊಡುವಾಗ. ಪುಡಿ ಮಾರಿ ಹೋಗುವುದು ವರ್ಷವಿಡೀ. ಹತ್ತು ಮೂಟೆಗೆ ಎರಡು ಲಕ್ಷ ಮೊದಲೇ ಕೊಟ್ಟು, ಹತ್ತು ತಿಂಗಳಲ್ಲಿ ಸಮನಾಗಿ ಮಾರಿದರೆ ಸರಾಸರಿ ಒಂದು ಲಕ್ಷ ಹತ್ತು ತಿಂಗಳು ಸಿಕ್ಕಿಹಾಕಿಕೊಂಡಂತೆ. ಶೇ 12ರ ಬಡ್ಡಿಗೆ ಹತ್ತು ಸಾವಿರ, 330 ಕೆ.ಜಿ. ಪುಡಿಗೆ ಹಂಚಿದರೆ ಕೆ.ಜಿ.ಗೆ ಮೂವತ್ತು ರೂಪಾಯಿ. ಯಾರೂ ಕಾಣದ ಈ ಮೂವತ್ತು ರೂಪಾಯಿಯೇ ಎಷ್ಟೋ ಒಳ್ಳೆಯ ಪ್ರಯತ್ನಗಳ ಕುತ್ತಿಗೆ ಹಿಸುಕಿದೆ. ಊರಿನ ವ್ಯಾಪಾರಿ ಗೆಲ್ಲುವುದು ಇಲ್ಲಿಯೇ: ಅವನ ಕೈಯಲ್ಲಿ ಫೆಬ್ರುವರಿಯಲ್ಲಿ ನಗದು ಇರುತ್ತದೆ. ಕಾಫಿ ಬಿಟ್ಟು ಬಟ್ಟೆಗೆ ಬಂದರೆ, ಹೆಗ್ಗೋಡಿನ ಚರಕ 1996ರಿಂದ ಮಲೆನಾಡಿನ ಹೆಣ್ಣುಮಕ್ಕಳ ಕೈಯಲ್ಲಿ ನೇಯಿಸಿ, ನೈಸರ್ಗಿಕ ಬಣ್ಣ ಹಾಕಿಸಿ, ದೇಸಿ ಅಂಗಡಿಗಳ ಮೂಲಕ ಮಾರುತ್ತಾ ಬಂದ ಸಂಸ್ಥೆ. ಅದರ ಹಿಂದಿದ್ದ ರಂಗಕರ್ಮಿ ಪ್ರಸನ್ನರ ನಿಷ್ಠೆಯನ್ನು ಯಾರೂ ಅನುಮಾನಿಸುವಂತಿಲ್ಲ, ಬಟ್ಟೆಗೂ ಒಳ್ಳೆಯ ಹೆಸರಿತ್ತು. ಅಂಥದ್ದೂ 2020ರಲ್ಲಿ ದಿವಾಳಿಯ ಮಾತಾಡುವ ಸ್ಥಿತಿಗೆ ಬಂತು. ದುಡಿಯುವ ಬಂಡವಾಳ ಎಂಬ ಪಾಠವನ್ನು ಬಿಕಾಂ ಎರಡನೇ ವರ್ಷದಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಓದಿದವರು ಇಂಥ ಸಂಸ್ಥೆಯ ಪಕ್ಕದಲ್ಲಿ ಕೂತು ಅದನ್ನು ಮತ್ತೊಮ್ಮೆ ಓದಬೇಕು.

ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನೇ ಹಿಡಿದು ಗೆದ್ದವರೂ ಇದ್ದಾರೆ. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಶುರು ಮಾಡಿದಾಗ ಬಡವರಿಗೆ ಸೋಲಾರ್ ದೀಪ ಮಾರುವುದು ಹುಚ್ಚು ಎಂದೇ ಎಲ್ಲರ ಲೆಕ್ಕ. ಬೀದಿ ವ್ಯಾಪಾರಿಯೊಬ್ಬರು ತಮಗೆ ಕಲಿಸಿದ ಪಾಠವನ್ನು ಹಂದೆ ಭಾಷಣಗಳಲ್ಲಿ ಹೇಳುತ್ತಿರುತ್ತಾರೆ: ತಿಂಗಳಿಗೆ 300 ರೂಪಾಯಿ ಎಂದರೆ ಆಕೆಗೆ ದುಬಾರಿ, ದಿನಕ್ಕೆ 10 ರೂಪಾಯಿ ಎಂದರೆ ಪರವಾಗಿಲ್ಲ. ಗಣಿತದಲ್ಲಿ ಎರಡೂ ಒಂದೇ, ಸೆರಗಿನ ಗಂಟಿನಲ್ಲಿ ಬೇರೆ ಬೇರೆ. ಸೆಲ್ಕೊ ದೀಪ ಮಾರಿದ್ದಕ್ಕಿಂತ ಹೆಚ್ಚಾಗಿ ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳನ್ನು ಒಪ್ಪಿಸಿತು, ಗಿರಾಕಿಯ ದುಡಿಮೆಗೆ ಹೊಂದುವ ಕಂತು ಮಾಡಿಸಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಾಫಿ ಮನೆಗೆ ವರ್ಷಕ್ಕೊಮ್ಮೆ ಹಣ, ತೋಟದ ಕೂಲಿಗೆ ವಾರಕ್ಕೊಮ್ಮೆ ಬಟವಾಡೆ, ಡೇರಿಗೆ ಹಾಲು ಹಾಕುವ ಹೆಂಗಸಿಗೆ ಹದಿನೈದು ದಿನಕ್ಕೊಮ್ಮೆ. ಒಂದೇ ಹೋಬಳಿಯಲ್ಲಿ ಮೂರು ಪಂಚಾಂಗ. ಈ ಮೂವರಿಗೂ ಒಂದೇ ಮಾಸಿಕ ಕಂತು ಹಚ್ಚುವವನು ಸಾಲ ವಸೂಲಿಗೆ ಅಲೆಯುತ್ತಲೇ ಇರಬೇಕಾಗುತ್ತದೆ.

ಹೆಸರಿನ ವಿಷಯವೂ ಇದೆ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎನ್ನುತ್ತಿದ್ದರು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದಾಗಿ ಆ ಹೆಸರು ಪ್ರವಾಸಿಗಳ ಬಾಯಲ್ಲಿ ಉಳಿದಿದೆ. ಕಾಫಿ ಮಂಡಳಿ ಗುರುತಿಸಿದ ಪ್ರಾದೇಶಿಕ ಕಾಫಿಗಳ ಪಟ್ಟಿಯಲ್ಲೂ ಮಂಜರಾಬಾದ್ ಎಂಬ ಹೆಸರಿದೆ ಎಂಬುದು ಇಲ್ಲಿನ ಎಷ್ಟೋ ಬೆಳೆಗಾರರಿಗೇ ತಿಳಿಯದು. 2019ರಲ್ಲಿ ಐದು ಕಾಫಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು: ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು, ಅರಕು. ಮಂಜರಾಬಾದ್ ಅದರಲ್ಲಿಲ್ಲ. ಆಂಧ್ರದ ಅರಕು ಕಣಿವೆಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ವಲ್ಪ ಸಂಕಟವೇ ಆಗುತ್ತದೆ. ಅಲ್ಲಿ ಬೆಳೆಯುವವರು ನಮಗಿಂತ ಚಿಕ್ಕ ಹಿಡುವಳಿಯ ಆದಿವಾಸಿಗಳು. ನಾಂದಿ ಫೌಂಡೇಷನ್ ಅವರ ಜೊತೆ ನಿಂತಿತು, 2007ರಲ್ಲಿ ಅವರದೇ ಸಹಕಾರ ಸಂಘವಾಯಿತು. ಹಣ್ಣು ಕೆಂಪಾದ ಮೇಲಷ್ಟೇ ಕೀಳುವ ಶಿಸ್ತು, ರುಚಿ ನೋಡಿ ಅಂಕ ಕೊಡುವ ಪದ್ಧತಿ ಬಂತು. 2017ರಲ್ಲಿ ಪ್ಯಾರಿಸ್ಸಿನಲ್ಲಿ ಅರಕು ಹೆಸರಿನ ಅಂಗಡಿಯೇ ತೆರೆಯಿತು. ನಮ್ಮ ರಾಜ್ಯದಲ್ಲೇ ಬ್ಲ್ಯಾಕ್ ಬಾಜಾ ಎಂಬ ಬೆಂಗಳೂರಿನ ಕಂಪನಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿಯನ್ನು ಕಾಡಿನ ನೆರಳು, ಹಕ್ಕಿಗಳ ಹೆಸರು ಹೇಳಿ ಮಾರುತ್ತಿದೆ. ಹಾನುಬಾಳಿನ ತೋಟಗಳಲ್ಲಿ ನೆರಳೂ ಇದೆ, ಹಕ್ಕಿಯೂ ಇದೆ. ಅದನ್ನು ಹೇಳಿಕೊಂಡು ಮಾರಾಟಕ್ಕೆ ಹೋಗುವವರಿಲ್ಲ.

ಹಾಗಾದರೆ ವಿದ್ಯಾರ್ಥಿಗೆ ಬಾಗಿಲು ಎಲ್ಲಿದೆ? ನನ್ನ ಪ್ರಕಾರ ಹತ್ತಿರದ ಬಾಗಿಲು ರೈತ ಉತ್ಪಾದಕ ಸಂಸ್ಥೆ, ಊರಿನವರ ಮಾತಿನಲ್ಲಿ ಎಫ್‌ಪಿಒ. ಕಂಪನಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯಿಂದ ರೈತರೇ ಷೇರುದಾರರಾದ ಉತ್ಪಾದಕ ಕಂಪನಿ ಕಟ್ಟಬಹುದು. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 10,000 ಎಫ್‌ಪಿಒ ಕಟ್ಟುವ ಯೋಜನೆ ತಂದಿತು. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು, ಗುಡ್ಡಗಾಡಿನಲ್ಲಿ 100. ಮೂರು ವರ್ಷಕ್ಕೆ ನಿರ್ವಹಣಾ ವೆಚ್ಚವಾಗಿ 18 ಲಕ್ಷದವರೆಗೆ ನೆರವು, ಸದಸ್ಯರು ಹಾಕಿದ ಷೇರಿಗೆ ತಲಾ 2,000 ರೂಪಾಯಿಯವರೆಗೆ ಸರಿಸಮ ಅನುದಾನ. ಸಿಇಒ ಒಬ್ಬರಿಗೆ, ಅಕೌಂಟೆಂಟ್ ಒಬ್ಬರಿಗೆ ಸಂಬಳಕ್ಕೂ ಆ ನೆರವಿನಲ್ಲೇ ಜಾಗವಿದೆ. ಬೋರ್ಡು ಹಾಕಿಕೊಂಡ ಸಂಸ್ಥೆಗಳು ರಾಜ್ಯದ ತುಂಬ ಎದ್ದವು. ಒಳಗೆ ಹೋಗಿ ನೋಡಿದರೆ ಹಲವೆಡೆ ಗೊಬ್ಬರದ ಅಂಗಡಿಗಿಂತ ಹೆಚ್ಚೇನಿಲ್ಲ. ಆಡಳಿತ ಮಂಡಳಿಯ ಸಭೆಯ ನಡಾವಳಿ ಬರೆಯುವವರಿಲ್ಲ, ವಾರ್ಷಿಕ ಲೆಕ್ಕ ಸಲ್ಲಿಸದೆ ದಂಡ ಬೀಳುತ್ತದೆ. ನೆರವಿನ ಮೂರು ವರ್ಷ ಮುಗಿದ ಮೇಲೆ ಆ ಅಕೌಂಟೆಂಟಿನ ಸಂಬಳವನ್ನು ಸಂಸ್ಥೆ ದುಡಿದು ಕೊಡಬಲ್ಲದೇ? ಇಡೀ ಯೋಜನೆಯ ಅಳಿವು ಉಳಿವು ಈ ಒಂದು ಪ್ರಶ್ನೆಯಲ್ಲಿದೆ.

ವರ್ಗೀಸ್ ಕುರಿಯನ್‌ಗೆ ಇದು ಬಹಳ ಮೊದಲೇ ಹೊಳೆದಿತ್ತು. ಹಾಲಿನ ಸಹಕಾರ ಸಂಘಗಳಿಗೆ ಪೇಟೆಯ ಕಂಪನಿಗಳಿಗಿಂತ ಜಾಣ ಮ್ಯಾನೇಜರುಗಳು ಬೇಕು ಎಂದು ಅವರು 1979ರಲ್ಲಿ ಆನಂದ್‌ನಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾವನ್ನು ಕಟ್ಟಿದರು. ರೈತನಿಗೆ ದಯೆ ತೋರಿಸುವವರು ಬೇಡ, ರೈತ ಕೆಲಸಕ್ಕಿಟ್ಟುಕೊಳ್ಳುವಂಥ ನಿಪುಣರು ಬೇಕು ಎಂಬ ಎಣಿಕೆ ಅದರ ಹಿಂದಿತ್ತು. ಆ ಸಂಬಂಧದಲ್ಲಿ ಯಜಮಾನ ಯಾರು ಎಂಬುದು ಸ್ಪಷ್ಟ. ಇಂದಿನ ಹುಡುಗರು 'ಸ್ಥಾಪಕ' ಎಂಬ ಕಾರ್ಡು ಅಚ್ಚು ಹಾಕಿಸುವ ಆತುರದಲ್ಲಿರುತ್ತಾರೆ. ನಲವತ್ತು ಮನೆಯವರು ಕಟ್ಟಿಕೊಂಡ ಸಂಸ್ಥೆಯಲ್ಲಿ ಎರಡು ವರ್ಷ ಗುಮಾಸ್ತೆಯಾಗಿರುವುದು ಅವರಿಗೆ ಸಣ್ಣತನವಾಗಿ ಕಾಣುತ್ತದೆ. ನನಗೆ ಕಾಣುವುದು ತಿರುಗುಮುರುಗು.

ಕಾಫಿ ಎಂದರೆ ಬರೀ ತೋಟದ ಯಜಮಾನರೂ ಅಲ್ಲ. ಕೂಲಿಯವರ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವವರಿದ್ದಾರೆ, ಈಚೆಗೆ ಅಸ್ಸಾಮಿನಿಂದ ಬಂದವರಿದ್ದಾರೆ. ಬೆಳೆಗಾರನಿಗೆ ಓಟಿಯಲ್ಲಿ ಎರಡು ಪಾಯಿಂಟ್ ಹೆಚ್ಚು ಸಿಕ್ಕರೆ ಹಣ್ಣು ಕಿತ್ತವಳಿಗೆ ಅದರಿಂದ ಏನೂ ಬರುವುದಿಲ್ಲ. ಕೆಂಪು ಹಣ್ಣನ್ನಷ್ಟೇ ಆರಿಸಿ ಕೀಳಬೇಕೆಂದರೆ ಕೈ ನಿಧಾನವಾಗುತ್ತದೆ. ಕಿಲೋ ಲೆಕ್ಕದ ಕೂಲಿಯಲ್ಲಿ ನಿಧಾನ ಎಂದರೆ ನಷ್ಟ. ಪ್ಯಾರಿಸ್ಸಿನ ಕಪ್ಪಿನ ರುಚಿಗೆ ಆ ನಷ್ಟವನ್ನು ಯಾರು ತುಂಬುತ್ತಾರೆ ಎಂದು ಕೇಳದ ಯೋಜನಾ ವರದಿಗೆ ಸಾಮಾಜಿಕ ಎಂಬ ವಿಶೇಷಣ ಒಪ್ಪುವುದಿಲ್ಲ. ಇನ್ನು ಸ್ತ್ರೀಶಕ್ತಿ, ಸಂಜೀವಿನಿ, ಧರ್ಮಸ್ಥಳ ಯೋಜನೆಯ ಹೆಂಗಸರ ಸಂಘಗಳು ಮಲೆನಾಡಿನಲ್ಲಿ ಮನೆ ಮಾತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಘಟ್ಟದ ಕೆಳಗೆ ಬೆಳ್ತಂಗಡಿಯಲ್ಲಿ ಶುರುವಾಗಿ ಘಟ್ಟ ಹತ್ತಿ ಬಂತು. ವಾರದ ಸಭೆ, ಉಳಿತಾಯ, ಕಂತು, ಸಹಿ ಎಲ್ಲ ಈ ಹೆಂಗಸರಿಗೆ ಕರತಲಾಮಲಕ. ಸೂಜಿಮೆಣಸಿನ ಉಪ್ಪಿನಕಾಯಿಗೆ, ಮನೆಯಲ್ಲಿ ಹುರಿದ ಪುಡಿಗೆ ದರ ಕಟ್ಟುವಾಗ ಮಾತ್ರ ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಮನೇಲಿ ಸುಮ್ನೆ ಕೂತ್ಕೊಂಡ್ ಮಾಡಿದ್ದಲ್ವಾ' ಎನ್ನುತ್ತಾರೆ. ಆ ಸುಮ್ಮನೆಗೆ ಗಂಟೆಗಿಷ್ಟು ಎಂದು ಬೆಲೆ ಕಟ್ಟಿ ಅವರ ಕೈಗೆ ಕೊಡುವುದು ಕಾಸ್ಟ್ ಅಕೌಂಟಿಂಗ್‌ನ ಮೊದಲ ಅಧ್ಯಾಯ. ಪುಡಿಗೆ ಚಿಕೋರಿ ಬೆರೆಸಿದರೆ ಕಾಫಿ ಕನಿಷ್ಠ ಶೇ 51 ಇರಬೇಕು, ಬೆರೆಸಿದ್ದನ್ನು ಪೊಟ್ಟಣದ ಮೇಲೆ ಹೇಳಬೇಕು, ಆಹಾರ ಸುರಕ್ಷತಾ ನೋಂದಣಿ ಇರಬೇಕು ಎಂಬ ಕಾಗದಪತ್ರದ ಕೆಲಸವೂ ಅಲ್ಲೇ ಸೇರಲಿ.

ವ್ಯವಹಾರದಿಂದ ನೀಗದ್ದೂ ಇದೆ ಎಂದು ಒಪ್ಪಿಕೊಳ್ಳಬೇಕು. ಆಲೂರು ಸಕಲೇಶಪುರದಲ್ಲಿ ಆನೆಯ ಮಾತೆತ್ತದೆ ಯಾವ ಮಾತೂ ಮುಗಿಯುವುದಿಲ್ಲ. ಆನೆ ತೋಟದಲ್ಲಿದೆ ಎಂದು ತಿಳಿದರೆ ಬೆಳಿಗ್ಗೆ ಆಳು ಬರುವುದಿಲ್ಲ. ಹಣ್ಣು ಗಿಡದಲ್ಲೇ ಒಣಗುತ್ತದೆ. ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಅರಣ್ಯ ಇಲಾಖೆಯ ಜೊತೆ ಸೇರಿ, ಆನೆ ಎಲ್ಲಿದೆ ಎಂಬುದನ್ನು ಮೊಬೈಲ್ ಸಂದೇಶ, ಧ್ವನಿ ಕರೆ, ರಸ್ತೆ ಬದಿಯ ಡಿಜಿಟಲ್ ಫಲಕಗಳ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿದ್ದಾರೆ. ಇದಕ್ಕೆ ತಿಂಗಳ ಚಂದಾ ಇಟ್ಟು ವ್ಯಾಪಾರ ಮಾಡಬಹುದೇ ಎಂದು ಯಾರಾದರೂ ಕೇಳಿದರೆ ಬೇಡ ಎನ್ನುತ್ತೇನೆ. ಚಂದಾ ಕಟ್ಟದವನು ಆನೆಯ ಎದುರು ಹೋಗಿ ನಿಲ್ಲಬೇಕೆ? ಇದು ಸರ್ಕಾರ ಮಾಡಬೇಕಾದ ಕೆಲಸ, ಮಾಡದಿದ್ದರೆ ಮಾಡಿಸಬೇಕಾದ ಕೆಲಸ. ಯಾವುದಕ್ಕೆ ದರಪಟ್ಟಿ ಹಾಕಬಾರದು ಎಂದು ತಿಳಿಯುವುದೂ ವ್ಯವಹಾರ ಶಿಕ್ಷಣದ ಭಾಗವೇ.

ದುಡ್ಡು, ತರಬೇತಿ, ಗುರುಗಳು ಬೇಕೆನ್ನುವವರಿಗೆ ಈಗ ದಾರಿಗಳಿವೆ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಷನ್ ತನ್ನ ಲೀಡ್ ಕಾರ್ಯಕ್ರಮದಲ್ಲಿ ಪದವಿ ವಿದ್ಯಾರ್ಥಿಗಳ ಪುಟ್ಟ ಪುಟ್ಟ ಯೋಜನೆಗಳಿಗೆ ಬೆನ್ನು ತಟ್ಟುತ್ತಾ ಬಂದಿದೆ. ಉತ್ತರ ಕರ್ನಾಟಕದ ಕಾಲೇಜುಗಳಲ್ಲಿ ಅದು ಚಿರಪರಿಚಿತ. ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಸಾಮಾಜಿಕ ಉದ್ಯಮಗಳನ್ನು ಪೋಷಿಸುತ್ತದೆ. ಕಾಫಿ ಮಂಡಳಿಯ ಆಶ್ರಯದಲ್ಲೂ ಅಟಲ್ ಇನ್‌ಕ್ಯುಬೇಷನ್ ಕೇಂದ್ರವೊಂದಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದಲ್ಲಿ ಶೇ 2ನ್ನು ಸಾಮಾಜಿಕ ಹೊಣೆಗೆ ಮೀಸಲಿಟ್ಟಿದೆ. ಸಾಮಾಜಿಕ ಷೇರುಪೇಟೆಯೂ ಬಂದಿದ್ದು, 2023ರ ಕೊನೆಯಲ್ಲಿ ಅದರಲ್ಲಿ ಮೊದಲಿಗೆ ಹೆಸರು ನೋಂದಿಸಿ ಹಣ ಎತ್ತಿದ್ದು ಬೆಂಗಳೂರಿನದೇ ಉನ್ನತಿ ಫೌಂಡೇಷನ್. ಇವುಗಳ ಬಾಗಿಲು ತಟ್ಟುವವರು ಮೊದಲು ಒಂದು ವರ್ಷದ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದರೆ ಒಳಗಿನವರು ಎದ್ದು ಕೂರುತ್ತಾರೆ. ಸಂಬಳದ ಬಗ್ಗೆ ಮನೆಯಲ್ಲಿ ಕೇಳಿದರೆ ಏನು ಹೇಳುವುದು ಎಂಬುದಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ; ಸಾಲ ಮಾಡಿ ಓದಿಸಿದ ಮನೆಯ ಮಗನಿಗೆ ಎರಡು ವರ್ಷ ಹಳ್ಳಿಯಲ್ಲಿರು ಎಂದು ಉಪದೇಶ ಮಾಡುವ ಧೈರ್ಯ ನನಗಿಲ್ಲ. ತೋಟದ ಮನೆಯಿಂದಲೇ ಹಾಸನಕ್ಕೋ ಮಂಗಳೂರಿಗೋ ಓದಲು ಹೋದವರಾದರೆ ಮಾತು ಬೇರೆ. ಅವರು ರಜೆಗೆ ಬಂದಾಗ ಅಪ್ಪನ ಮೂಟೆಯ ಓಟಿಯಿಂದಲೇ ಶುರು ಮಾಡಬಹುದು.

ತೊಡಕು ಬೇರೆ ಕಡೆ ಇದೆ. ಕಾಲೇಜಿನ ಸೆಮಿಸ್ಟರ್ ಪರೀಕ್ಷೆಗಳು ಕೊಯ್ಲಿನ ತಿಂಗಳುಗಳಿಗೇ ಬಂದು ಬೀಳುತ್ತವೆ. ಹಣ್ಣು ಕೆಂಪಾದಾಗ ಹುಡುಗರು ಹಾಲ್ ಟಿಕೆಟ್ ಹಿಡಿದು ಕೂತಿರುತ್ತಾರೆ. ರಜೆ ಸಿಕ್ಕಿ ಊರಿಗೆ ಬರುವಷ್ಟರಲ್ಲಿ ಮೂಟೆ ಲಾರಿ ಹತ್ತಿರುತ್ತದೆ. ಆರು ವಾರದ ಇಂಟರ್ನ್‌ಶಿಪ್ಪನ್ನು ಒಂದೇ ಸಲಕ್ಕೆ ಮುಗಿಸುವ ಬದಲು ವರ್ಷದಲ್ಲಿ ಮೂರು ತುಂಡು ಮಾಡಿ ಎಂದು ಪ್ರಾಂಶುಪಾಲರನ್ನು ಕೇಳಿಕೊಳ್ಳಬಹುದು. ಎರಡು ವಾರ ಜನವರಿಯಲ್ಲಿ ಕಣದ ಪಕ್ಕ, ಎರಡು ವಾರ ಹೂಮಳೆ ಕಳೆದ ಮೇಲೆ ಏಪ್ರಿಲ್‌ನಲ್ಲಿ ಖರ್ಚಿನ ಲೆಕ್ಕಕ್ಕೆ, ಎರಡು ವಾರ ಜುಲೈನಲ್ಲಿ. ಜುಲೈ ಯಾಕೆಂದರೆ ಆಗ ಮನೆಯವರು ಮನೆಯಲ್ಲೇ ಸಿಗುತ್ತಾರೆ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟು ಹೋದರೆ ಬರುವುದಿಲ್ಲ, ಬಚ್ಚಲೊಲೆಯ ಬೆಂಕಿಯ ಮುಂದೆ ಕೂತು ಹಳೆಯ ಚೀಟಿಗಳನ್ನೆಲ್ಲ ಹೊರಗೆ ತೆಗೆಯಲು ಎಲ್ಲರಿಗೂ ಪುರಸೊತ್ತು ಇರುತ್ತದೆ. ಲ್ಯಾಪ್‌ಟಾಪ್ ಬೂಷ್ಟು ಹಿಡಿಯುತ್ತದೆ, ನೋಟ್‌ಬುಕ್ಕೇ ಒಳ್ಳೆಯದು. ದೊಡ್ಡ ಛತ್ರಿ ತನ್ನಿ. ಬಸ್ಸಿಳಿದು ತೋಟದ ಮನೆಗೆ ನಡೆಯುವಾಗ ಇಂಬಳ ಹತ್ತುತ್ತವೆ. ಒಂದು ಚಿಟಿಕೆ ಸುಣ್ಣ ಜೇಬಿನಲ್ಲಿರಲಿ.